ನಿಲ್ಲಿಸಿ ಹಿಡಿದರೆ ಸಾಯುವ ಎಫ್100: ಬೋರ್ಡ್ ಬೈಯುವ ಮುಂಚೆ ಏನೇನು ನೋಡಬೇಕು

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಳಗೆ ಒಂದು ಬೆಳಿಗ್ಗೆ ನನ್ನ ನಿಕಾನ್ ಎಫ್100 ಫಿಲ್ಮ್ ಕ್ಯಾಮೆರಾ ಸತ್ತಿತು. ಹೊಗೆಯ ನಡುವೆ ಬಿಸಿ ಮರಳಲ್ಲಿ ಅಕ್ಕಿ ಅರಳುತ್ತಿತ್ತು. ಹುರಿಯುವವರು ಜರಡಿ ಎತ್ತಿದ ಕ್ಷಣಕ್ಕೆ ಕ್ಯಾಮೆರಾ ನಿಲ್ಲಿಸಿ ಹಿಡಿದು, ಅಂದರೆ ಫೋಟೋ ಉದ್ದಕ್ಕೆ ಬರುವ ಹಾಗೆ ಪಕ್ಕಕ್ಕೆ ತಿರುಗಿಸಿ, ಬಟನ್ ಒತ್ತಿದೆ. ಕನ್ನಡಿ ಟಕ್ ಅಂತ ಎದ್ದಿತು, ಡಿಸ್‌ಪ್ಲೇ ಖಾಲಿಯಾಯಿತು. ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ, ಬದುಕಿತು. ಮತ್ತೆ ಒತ್ತಿದೆ, ಮತ್ತೆ ಸತ್ತಿತು. ಮನೆಗೆ ತಂದು ಮೇಜಿನ ಮೇಲಿಟ್ಟರೆ ಏನೂ ಆಗದವರ ಹಾಗೆ ಕೆಲಸ ಮಾಡುತ್ತಿತ್ತು!

ರಿಪೇರಿ ಅಂಗಡಿಗೆ ಒಯ್ದೆ. ಅಲ್ಲೂ ಗಾಜಿನ ಮೇಜಿನ ಮೇಲೆ ಚೆನ್ನಾಗೇ ನಡೆಯಿತು. ಅಂಗಡಿಯವರು ಎರಡು ದಿನ ಇಟ್ಟುಕೊಂಡು ವಾಪಸ್ ಕೊಡುವಾಗ ಹೇಳಿದ್ದು, "ಬೋರ್ಡ್ ಹೋಗೈತಿ ಸರ್. ಪಾರ್ಟ್ ಸಿಗಲ್ಲ. ಶೋಕೇಸಿಗೆ ಇಡ್ರಿ, ಚೆಂದ ಕಾಣತೈತಿ."

ಬೋರ್ಡ್, ಅಂದರೆ ಒಳಗಿನ ಸರ್ಕ್ಯೂಟ್, ಹೋಗಿರಲಿಲ್ಲ. ದೋಷ ಇದ್ದದ್ದು ಬ್ಯಾಟರಿ ಹೋಲ್ಡರಿನ ಒಂದು ತಗಡಿನಲ್ಲಿ. ಅದನ್ನು ಹಿಡಿಯಲು ನನಗೆ ಮೂರು ವಾರ ಬೇಕಾಯಿತು. ನಿಮಗೆ ಒಂದು ಸಂಜೆ ಸಾಕಾಗಲಿ ಅಂತ ಬರೆಯುತ್ತಿದ್ದೇನೆ.

ಈ ಕ್ಯಾಮೆರಾ ಗೊತ್ತಿಲ್ಲದವರಿಗೆ ಎರಡು ಮಾತು. ಎಫ್100 ಮಾರುಕಟ್ಟೆಗೆ ಬಂದದ್ದು 1999ರಲ್ಲಿ. ಅದಕ್ಕೂ ಮೂರು ವರ್ಷ ಮೊದಲು ಬಂದಿದ್ದ ಎಫ್5ರ ತಮ್ಮ ಅನ್ನಬಹುದು. ಐದು ಫೋಕಸ್ ಬಿಂದು, ಸೆಕೆಂಡಿನ 8000ದ ಒಂದು ಭಾಗದವರೆಗೆ ಶಟರ್, ಸೆಕೆಂಡಿಗೆ ನಾಲ್ಕೂವರೆ ಫೋಟೋ. ಸೆಲ್ ಬಿಟ್ಟು ತೂಕ 785 ಗ್ರಾಂ. 2006ರ ಜನವರಿಯಲ್ಲಿ ನಿಕಾನ್ ತನ್ನ ಬಹುಪಾಲು ಫಿಲ್ಮ್ ಕ್ಯಾಮೆರಾಗಳನ್ನು ನಿಲ್ಲಿಸುತ್ತೇವೆ ಅಂದಿತು, ಎಫ್6 ಮತ್ತು ಎಫ್ಎಂ10 ಮಾತ್ರ ಉಳಿದವು. ಹಾಗಾಗಿ ಈಗ ನಿಮ್ಮ ಕೈಗೆ ಬರುವ ಎಫ್100 ಎಷ್ಟೇ ಹೊಸದಾಗಿ ಕಂಡರೂ ಹರೆಯ ದಾಟಿದ್ದೇ. ಅದರ ಒಳಗಿನ ಚಿಪ್‌ಗಿಂತ ಮೊದಲು ಸವೆಯುವುದು ಪ್ಲಾಸ್ಟಿಕ್, ರಬ್ಬರ್, ಸ್ಪ್ರಿಂಗ್. ನೋಡುವುದನ್ನೂ ಅಲ್ಲಿಂದಲೇ ಶುರುಮಾಡಬೇಕು.

ದೋಷ ಅಲ್ಲದ ದೋಷಗಳು

ಇವನ್ನು ಬೇಗ ಮುಗಿಸೋಣ. ಡಿಸ್‌ಪ್ಲೇಯಲ್ಲಿ "ಎಫ್ಇಇ" (FEE) ಮಿಣುಕುತ್ತಿದೆಯಾ? ಲೆನ್ಸಿನ ಅಪರ್ಚರ್ ಬಳೆಯನ್ನು ಅತಿ ಚಿಕ್ಕ ರಂಧ್ರಕ್ಕೆ, ಅಂದರೆ 16 ಅಥವಾ 22ರ ಕಡೆಗೆ ಪೂರ್ತಿ ತಿರುಗಿಸಿ ಲಾಕ್ ಮಾಡಿ. ಅಷ್ಟೇ. ಅಪರ್ಚರ್ ಜಾಗದಲ್ಲಿ ಅಂಕಿ ಇಲ್ಲದೆ ಎಫ್ ಮುಂದೆ ಎರಡು ಗೆರೆ ಬಂದರೆ, ಒಂದೋ ನೀವು ಹಾಕಿದ್ದು ಚಿಪ್ ಇಲ್ಲದ ಹಳೇ ಲೆನ್ಸ್, ಇಲ್ಲವೇ ಲೆನ್ಸಿನ ಹಿಂದಿನ ಚಿನ್ನದ ಬಣ್ಣದ ಚುಕ್ಕೆಗಳು ಕೊಳೆಯಾಗಿವೆ. ಲೆನ್ಸ್ ಬಿಚ್ಚಿ ಆ ಚುಕ್ಕೆಗಳನ್ನು ಐಪಿಎ (ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಇಟ್ಟುಕೊಳ್ಳುವ ದ್ರವ) ಹಚ್ಚಿದ ಬಟ್ಟೆಯಿಂದ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಡಿ. ಅದರ ಪುಡಿ ಎಲ್ಲಿಗೆ ಹೋಗಿ ಕೂರುತ್ತದೆ ಅಂತ ಗೊತ್ತಲ್ವಾ?

"ಎರ್" (Err) ಜೊತೆ ಐಎಸ್ಒ (ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) ಗುರುತೂ ಮಿಣುಕಿದರೆ ರೀಲಿನ ಕ್ಯಾಸೆಟ್ ನೋಡಿ. ದೊಡ್ಡ ಸುರುಳಿಯಿಂದ ಕತ್ತರಿಸಿ ಕೈಯಲ್ಲಿ ತುಂಬಿದ ಕ್ಯಾಸೆಟ್ಟಿಗೆ ಬೆಳ್ಳಿ-ಕಪ್ಪು ಚೌಕಗಳ ಡಿಎಕ್ಸ್ ಗುರುತು ಇರುವುದಿಲ್ಲ. ಕ್ಯಾಮೆರಾ ಅದನ್ನೇ ಹುಡುಕಿ ಸಿಗದೆ ಮುನಿಸಿಕೊಂಡಿರುತ್ತದೆ. ಐಎಸ್ಒ ಅಂಕಿಯನ್ನು ಕೈಯಾರೆ ಇಟ್ಟರೆ ಆಯಿತು. "ಎರ್" ಜೊತೆ ಫೋಟೋ ಎಣಿಸುವ ಜಾಗದ "ಇ" ಮಿಣುಕಿದರೆ ರೀಲು ಸರಿಯಾಗಿ ಸಿಕ್ಕಿಕೊಂಡಿಲ್ಲ. ಹಿಂಬಾಗಿಲು ತೆಗೆದು ಫಿಲ್ಮಿನ ತುದಿಯನ್ನು ಕೆಂಪು ಗುರುತಿಗೆ ಸರಿಯಾಗಿ ಇಟ್ಟು ಮತ್ತೆ ಮುಚ್ಚಿ. ಜಾಸ್ತಿ ಎಳೆದು ಜೋತುಬಿಡುವುದು ಬೇಡ.

ಇವು ಯಾವುವೂ ಇಲ್ಲದೆ ಬರೀ "ಎರ್" ಬಂದರೆ, ಅಥವಾ ನನ್ನದರ ಹಾಗೆ ಡಿಸ್‌ಪ್ಲೇಯೇ ಹೋದರೆ, ಮುಂದೆ ಓದಿ.

ಮೊದಲು ದೋಷವನ್ನು ಕರೆದಾಗ ಬರುವ ಹಾಗೆ ಮಾಡಿ

ನಾನು ಮಾಡಿದ ತಪ್ಪು ಇಲ್ಲೇ. ಅಂಗಡಿಯವರ ತಪ್ಪೂ ಅದೇ. ಬಂದು ಹೋಗುವ ದೋಷವನ್ನು, ಅದು ಇಲ್ಲದಾಗ ಹುಡುಕುತ್ತಾ ಕೂತೆವು. ಮೇಜಿನ ಮೇಲೆ ಚೆನ್ನಾಗಿರುವ ಕ್ಯಾಮೆರಾದ ಯಾವ ಭಾಗ ಒರೆಸಿದರೂ "ಸರಿಯಾಯ್ತು" ಅನ್ನಿಸುತ್ತದೆ. ನಾನು ಲೆನ್ಸ್ ಚುಕ್ಕೆ ಒರೆಸಿ ಒಂದು ಸಲ, ಸೆಲ್ ಬದಲಿಸಿ ಒಂದು ಸಲ, ಸುಮ್ನೆ ಎರಡು ದಿನ ಬಿಸಿಲಿಗಿಟ್ಟು ಒಂದು ಸಲ, ಹೀಗೆ ಮೂರು ಸಲ "ರಿಪೇರಿ" ಮಾಡಿದೆ. ಮೂರು ಸಲವೂ ಭಟ್ಟಿಯಲ್ಲಿ ಮಾನ ಹೋಯಿತು.

ಆಮೇಲೆ ಒಂದು ಚೀಟಿ ಇಟ್ಟುಕೊಂಡೆ. ಸತ್ತಾಗಲೆಲ್ಲ ಮೂರೇ ವಿಷಯ ಬರೆದೆ: ಕ್ಯಾಮೆರಾ ಹೇಗೆ ಹಿಡಿದಿದ್ದೆ, ಯಾವ ಸೆಲ್ ಇತ್ತು, ಯಾವ ಕೆಲಸದ ನಡುವೆ ಸತ್ತಿತು. ಹನ್ನೊಂದು ಸಲ ಬರೆಯುವಷ್ಟರಲ್ಲಿ ಕಣ್ಣಿಗೆ ಹೊಡೆಯಿತು. ಹನ್ನೊಂದರಲ್ಲಿ ಹತ್ತು ಸಲ ನಿಲ್ಲಿಸಿ ಹಿಡಿದಿದ್ದೆ. ಹನ್ನೊಂದಕ್ಕೆ ಹನ್ನೊಂದೂ ಶಟರ್ ಬಿಟ್ಟ ಕ್ಷಣದಲ್ಲೋ ಫಿಲ್ಮ್ ಮುಂದೆ ಸರಿಯುವಾಗಲೋ ಸತ್ತಿತ್ತು. ಬೆಳಕು ಅಳೆಯುವಾಗ, ಫೋಕಸ್ ಹುಡುಕುವಾಗ ಒಮ್ಮೆಯೂ ಇಲ್ಲ.

ಇದರ ಅರ್ಥ ಬಿಡಿಸೋಣ. ಬೆಳಕು ಅಳೆಯಲು ಬೇಕಾಗುವ ಕರೆಂಟ್ ಬಹಳ ಕಡಿಮೆ. ಕನ್ನಡಿ ಎತ್ತುವುದು, ಶಟರ್ ಎಳೆಯುವುದು, ಫಿಲ್ಮ್ ಸರಿಸುವುದು ಮೋಟರಿನ ಕೆಲಸ. ಮೋಟರ್ ನಿಂತಲ್ಲಿಂದ ಹೊರಡುವಾಗ ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಸಡಿಲ ಇದ್ದರೆ ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ವೋಲ್ಟೇಜ್ ಕುಸಿದರೆ ಕ್ಯಾಮೆರಾದ ಮೆದುಳು ಕಣ್ಣು ಮುಚ್ಚುತ್ತದೆ. ಪಂಪ್‌ಸೆಟ್ ಶುರುವಾದಾಗ ಮನೆಯ ಲೈಟು ಮಂಕಾಗುತ್ತದಲ್ಲ, ಹಾಗೆ. ಇನ್ನು ಹೆಚ್ಚುಕಡಿಮೆ ನಿಲ್ಲಿಸಿ ಹಿಡಿದಾಗಲೇ ಅಂದರೆ, ಒಳಗೆ ಏನೋ ತನ್ನ ತೂಕಕ್ಕೇ ಜರುಗುತ್ತಿದೆ. ಎಫ್100ರಲ್ಲಿ ಹಾಗೆ ಜರುಗಬಹುದಾದ ತೂಕದ ವಸ್ತು ಯಾವುದು? ನಾಲ್ಕು ಸೆಲ್.

ನಿಮ್ಮ ಚೀಟಿ ಬೇರೆ ಕಥೆ ಹೇಳಬಹುದು. ಫೋಕಸ್ ಮಾಡುವಾಗಲೇ ಸತ್ತರೆ ಅನುಮಾನ ಮೊದಲು ಲೆನ್ಸಿನ ಮೇಲೆ ಹೋಗಲಿ. ಲೆನ್ಸ್ ಬಿಚ್ಚಿ ಖಾಲಿ ಬಾಡಿಯಲ್ಲಿ ಇಪ್ಪತ್ತು ಸಲ ಒತ್ತಿ ನೋಡಿ. ಲೆನ್ಸ್ ಇಲ್ಲದಾಗ ಒಮ್ಮೆಯೂ ಸಾಯದಿದ್ದರೆ ಉತ್ತರ ಸಿಕ್ಕಿತು.

ಹೋಲ್ಡರ್

ಎಫ್100ರ ಹಿಡಿಯೊಳಗೆ ಕೂರುವ ತಟ್ಟೆಗೆ ಎಂಎಸ್-12 ಅಂತ ಹೆಸರು. ಗೋಡೆ ಗಡಿಯಾರಕ್ಕೆ ಹಾಕುವ ಸಾಮಾನ್ಯ ಸೆಲ್ ನಾಲ್ಕು ಇದರಲ್ಲಿ ಕೂರುತ್ತವೆ. ನಾಲ್ಕೂ ಒಂದರ ಹಿಂದೆ ಒಂದು ಸಾಲಾಗಿ ಸೇರುತ್ತವೆ. ಸಾಲು ಅಂದಮೇಲೆ ಒಂದು ಕಡೆ ಸಡಿಲವಾದರೆ ನಾಲ್ಕೂ ಸತ್ತ ಹಾಗೆ.

ಕ್ಯಾಮೆರಾ ಆಫ್ ಮಾಡಿ ಹೋಲ್ಡರ್ ಹೊರಗೆ ತೆಗೆಯಿರಿ. ಸೆಲ್ ಎಲ್ಲ ತೆಗೆದು ಬಿಸಿಲಲ್ಲಿ ಹಿಡಿದು ನೋಡಿ. ನೋಡಬೇಕಾದ್ದು ಮೂರು. ತಗಡಿನ ಮೇಲೆ ಬಿಳಿ ಪುಡಿ ಅಥವಾ ಹಸಿರು ಕಲೆ ಇದೆಯಾ? ಸ್ಪ್ರಿಂಗುಗಳು ಒಂದೇ ಎತ್ತರಕ್ಕೆ ನಿಂತಿವೆಯಾ, ಒಂದು ಚಪ್ಪಟೆಯಾಗಿದೆಯಾ? ಲಾಕ್ ಆಗುವ ಜಾಗದ ಪ್ಲಾಸ್ಟಿಕ್‌ನಲ್ಲಿ ಕೂದಲಿನಂಥ ಬಿರುಕು ಇದೆಯಾ? ಬಿರುಕು ಬಿಟ್ಟ ಹೋಲ್ಡರ್ ಪೂರ್ತಿ ಒಳಗೆ ಕೂರದೆ ಒಂದು ಕೂದಲೆಳೆಯಷ್ಟು ಕೆಳಗೆ ಜಾರಿರುತ್ತದೆ. ಅಷ್ಟು ಸಾಕು.

ಬಿಳಿ ಪುಡಿ ಇದ್ದರೆ ಆಲ್ಕಲೈನ್ ಸೆಲ್ ಸೋರಿದೆ. ಸೋರಿದ್ದು ಕ್ಷಾರ, ಹಾಗಾಗಿ ಹುಳಿಯಿಂದ ಕರಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ, ಹಿಂಡಿ, ತಗಡಿಗೆ ಮಾತ್ರ ತಾಗಿಸಿ. ಬುಸ್ ಅಂತ ಸಣ್ಣ ನೊರೆ ಬರುತ್ತದೆ. ನೊರೆ ನಿಂತ ಮೇಲೆ ನೀರಿನ ಕಡ್ಡಿ, ಕೊನೆಗೆ ಐಪಿಎ ಕಡ್ಡಿ. ಚೆನ್ನಾಗಿ ಒಣಗಿಸಿ. ಈ ಕೆಲಸ ಹೊರಗೆ ತೆಗೆದ ಹೋಲ್ಡರಿಗೆ ಮಾತ್ರ. ಕ್ಯಾಮೆರಾದ ಒಳಗೆ ಹುಳಿ ಹನಿ ಬೀಳಬಾರದು.

ಐಪಿಎ ಬೇಕಾದರೆ ಮೊಬೈಲ್ ರಿಪೇರಿಯವರ ಹತ್ತಿರವೇ ಕೇಳಿ, ಸಣ್ಣ ಬಾಟಲಿ ಸಿಗುತ್ತದೆ. ಮೆಡಿಕಲ್ ಶಾಪಿನ ಸ್ಪಿರಿಟ್ ಬೇಡ, ಕೆಲವದರಲ್ಲಿ ಎಣ್ಣೆ ಸೇರಿಸಿರುತ್ತಾರೆ. ಉಪ್ಪು ಕಾಗದ ಅಂತೂ ಬೇಡವೇ ಬೇಡ. ಒಂದು ಸಲ ತಗಡಿನ ಮೇಲಿನ ಲೇಪ ಹೋದರೆ ಒಳಗಿನ ಲೋಹ ತಿಂಗಳಿಗೊಮ್ಮೆ ಕಪ್ಪಾಗಿ ನಿಮ್ಮನ್ನು ಕರೆಯುತ್ತದೆ.

ನನ್ನ ಹೋಲ್ಡರ್ ಕಣ್ಣಿಗೆ ಶುದ್ಧವಾಗಿತ್ತು. ಪುಡಿ ಇಲ್ಲ, ಬಿರುಕಿಲ್ಲ. ಮಲ್ಟಿಮೀಟರ್ ಹಿಡಿದರೆ 5.5 ವೋಲ್ಟ್ ತೋರಿಸಿತು. ಚಾರ್ಜ್ ಮಾಡಿ ಹಾಕಿದ ನಾಲ್ಕು ನಿಕಲ್ ಸೆಲ್ಲಿಗೆ ಅದು ಸರಿಯಾದ ಲೆಕ್ಕ. ಅದಕ್ಕೇ ನಾನು ಹೋಲ್ಡರನ್ನು ಬಿಟ್ಟು ಬೇರೆ ಎಲ್ಲ ಹುಡುಕಿದೆ.

ಬುದ್ಧಿ ಬಂದದ್ದು ಚಿತ್ರದುರ್ಗದಲ್ಲಿ. ಕೋಟೆಯ ಬುಡದಲ್ಲಿ ನನಗೆ ಪರಿಚಯದ ಅಣ್ಣ ಒಬ್ಬರಿದ್ದಾರೆ. ಮೂವತ್ತು ವರ್ಷ ಮದುವೆ ಫೋಟೋ ತೆಗೆದವರು. ಅವರ ಡಾರ್ಕ್ ರೂಮ್ ಈಗ ಈರುಳ್ಳಿ ಚೀಲ ಇಡುವ ಕೋಣೆ. ಅವರ ಹತ್ತಿರ ಎಫ್100ರ ಕೆಳಗೆ ಜೋಡಿಸುವ ಎಂಬಿ-15 ಹಿಡಿ ಇತ್ತು. ಅದರಲ್ಲಿ ಆರು ಸೆಲ್ ಕೂರುತ್ತವೆ. ಅದನ್ನು ಹಾಕಬೇಕಾದರೆ ಒಳಗಿನ ಹೋಲ್ಡರ್ ತೆಗೆಯಲೇಬೇಕು. ಅಂದರೆ ಬಾಡಿ ಅದೇ, ಬೋರ್ಡ್ ಅದೇ, ಕರೆಂಟಿನ ದಾರಿ ಮಾತ್ರ ಬೇರೆ.

"ನಿಲ್ಲಿಸಿ ಹಿಡಿದು ಹೊಡೀರಿ ನೋಡೋಣ" ಅಂದರು. ಐವತ್ತು ಸಲ ಹೊಡೆದೆ. ಒಮ್ಮೆಯೂ ಸಾಯಲಿಲ್ಲ. "ಬೋರ್ಡ್ ಹೋಗಿದ್ರೆ ನನ್ನ ಹಿಡಿ ನೋಡಿ ಹೆದರಿ ಸರಿಹೋಗುತ್ತಾ?" ಅಂತ ನಕ್ಕರು.

ನಿಮ್ಮ ಗೆಳೆಯರಲ್ಲಿ ಯಾರ ಹತ್ತಿರವಾದರೂ ಎಂಬಿ-15 ಇದ್ದರೆ, ಬೇರೆಲ್ಲಕ್ಕಿಂತ ಮೊದಲು ಇದನ್ನೇ ಮಾಡಿ. ಐದು ನಿಮಿಷದ ಕೆಲಸ. ಇನ್ನೊಂದು ಎಂಎಸ್-12 ಸಿಕ್ಕರೂ ಆಯಿತು. ಇಂಥ ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು. ಹೋಲ್ಡರ್ ಜೊತೆಗೆ ಸೆಲ್ಲನ್ನೂ ಲೆನ್ಸನ್ನೂ ಬದಲಿಸಿದರೆ ಯಾವುದು ಕಳ್ಳ ಅಂತ ಗೊತ್ತಾಗುವುದಿಲ್ಲ.

ಏನೂ ಸಿಗದಿದ್ದರೆ, ಮೋಟರಿನ ಬದಲು ಸೆಲ್ಲಿನ ಮೇಲೆ ಭಾರ ಹಾಕಲು ಹತ್ತು ಓಮ್, ಐದು ವ್ಯಾಟಿನ ಒಂದು ಸಿಮೆಂಟ್ ರೆಸಿಸ್ಟರ್ ತನ್ನಿ. ಟಿವಿ ರಿಪೇರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಸೆಲ್ ತುಂಬಿದ ಹೋಲ್ಡರಿನ ಹೊರಗಿನ ಎರಡು ತುದಿಗೆ ಎರಡು ವೈರನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ. ವೈರುಗಳ ನಡುವೆ ರೆಸಿಸ್ಟರ್ ತಾಗಿಸಿ, ಮೀಟರನ್ನು ಹೋಲ್ಡರಿನ ತುದಿಗಳಿಗೇ ಹಿಡಿದು ವೋಲ್ಟೇಜ್ ನೋಡಿ. ಎರಡು ಮೂರು ಸೆಕೆಂಡ್ ಸಾಕು, ಜಾಸ್ತಿ ಹೊತ್ತು ಬಿಟ್ಟರೆ ರೆಸಿಸ್ಟರ್ ಬೆರಳು ಸುಡುತ್ತದೆ. ಈಗ ಸುಮಾರು ಅರ್ಧ ಆಂಪಿಯರ್ ಹರಿಯುತ್ತಿದೆ. ಮೀಟರ್ ಹೇಳುವ ನಿಜ ಇದು. ಮೊದಲು ಕಂಡ 5.5 ಯಾರೂ ಕೆಲಸ ಹೇಳದಾಗಿನ ಧೈರ್ಯ.

ನನ್ನದನ್ನು ಅಂಗಾತ ಇಟ್ಟಾಗ 5.5 ಇದ್ದದ್ದು 5.3ಕ್ಕೆ ಇಳಿಯಿತು. ಇದು ಸಹಜ. ಹೊಸ ಆಲ್ಕಲೈನ್ ಹಾಕಿದ್ದರೆ ಅರ್ಧ ವೋಲ್ಟ್ ಇಳಿದರೂ ಗಾಬರಿ ಬೇಡ, ಆ ಸೆಲ್ಲುಗಳ ಒಳಗಿನ ತಡೆಯೇ ಜಾಸ್ತಿ. ಆಮೇಲೆ ಹೋಲ್ಡರನ್ನು ಕ್ಯಾಮೆರಾ ನಿಲ್ಲಿಸಿದಾಗ ಇರುವ ಭಂಗಿಗೆ ತಿರುಗಿಸಿದೆ. ಮೀಟರ್ 4.3 ತೋರಿಸಿತು. ನೋಡಿ, ಮೂರು ವಾರ ಓಡಾಡಿಸಿದ ಕಳ್ಳ ಮೇಜಿನ ಮೇಲೆ ಸಿಕ್ಕಿಬಿದ್ದ.

ಯಾವ ಕೀಲಿನಲ್ಲಿ ಅಂತ ಹುಡುಕುವುದೂ ಇದೇ ದಾರಿ. ರೆಸಿಸ್ಟರ್ ತಾಗಿಸಿಕೊಂಡೇ ಮೀಟರಿನ ಒಂದು ಕಡ್ಡಿಯನ್ನು ಸೆಲ್ಲಿನ ತುದಿಗೆ, ಇನ್ನೊಂದನ್ನು ಅದು ತಾಗುವ ತಗಡಿಗೆ ಇಡಿ. ಒಳ್ಳೆಯ ಕೀಲಾದರೆ ಹೆಚ್ಚು ಕಡಿಮೆ ಸೊನ್ನೆ. ನನ್ನ ಮೂರನೇ ಸೆಲ್ಲಿನ ತಲೆಯ ಹತ್ತಿರ ಒಂದು ವೋಲ್ಟ್ ಸಿಕ್ಕಿತು. ಕಾಣೆಯಾದ ಒಂದು ವೋಲ್ಟ್ ಪೂರ್ತಿ ಅಲ್ಲೇ ಕೂತಿತ್ತು. ಆ ತಗಡು ವರ್ಷಾನುಗಟ್ಟಲೆ ಒತ್ತಿಸಿಕೊಂಡು ಒಳಗೆ ಬಾಗಿತ್ತು. ಜೊತೆಗೆ ನಾನು ಹಾಕಿದ್ದ ರೀಚಾರ್ಜ್ ಸೆಲ್ಲಿನ ತಲೆಯ ಮೊಗ್ಗು ಬೇರೆ ಕಂಪನಿಯದಕ್ಕಿಂತ ಗಿಡ್ಡ. ಅಂಗಾತ ಇದ್ದಾಗ ಹೇಗೋ ತಾಗುತ್ತಿತ್ತು. ನಿಲ್ಲಿಸಿದಾಗ ಸೆಲ್ ತನ್ನ ತೂಕಕ್ಕೆ ಕೆಳಗೆ ಜಾರಿ ತಲೆ ಸಡಿಲವಾಗುತ್ತಿತ್ತು.

ಸೆಲ್ ತೆಗೆದು, ಸಣ್ಣ ಚಿಮುಟದಿಂದ ತಗಡನ್ನು ಅರ್ಧ ಮಿಲಿಮೀಟರ್ ಹೊರಗೆ ಎಳೆದೆ. ಒಂದೇ ಸಲ ಬಾಗಿಸಬೇಕು. ಆಕಡೆ ಈಕಡೆ ಆಡಿಸಿದರೆ ತಗಡು ಬುಡದಲ್ಲಿ ಮುರಿಯುತ್ತದೆ. ಐಪಿಎಯಿಂದ ಒರೆಸಿ ಮತ್ತೆ ಅಳೆದೆ. ನಿಲ್ಲಿಸಿದರೂ ಮಲಗಿಸಿದರೂ 5.3.

ಸೆಲ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ: ನಾಲ್ಕೂ ಒಂದೇ ಕಂಪನಿಯದು, ಒಟ್ಟಿಗೆ ಕೊಂಡದ್ದು, ಒಟ್ಟಿಗೆ ಚಾರ್ಜ್ ಆದದ್ದು ಇರಲಿ. ಮೂರು ಹೊಸದು, ಒಂದು ರಿಮೋಟಿನಿಂದ ತೆಗೆದದ್ದು ಅಂತ ಮಾಡಿದರೆ ಆ ಒಂದೇ ಉಳಿದ ಮೂರನ್ನು ಎಳೆದು ಬೀಳಿಸುತ್ತದೆ. ಕ್ಯಾಮೆರಾ ತಿಂಗಳುಗಟ್ಟಲೆ ಬೀರುವಿನಲ್ಲಿ ಕೂರುವುದಾದರೆ ಸೆಲ್ ಹೊರಗೆ ತೆಗೆದಿಡಿ.

ರೀವೈಂಡ್: ಸದ್ದು ಬರುತ್ತೆ, ಫಿಲ್ಮ್ ಬರಲ್ಲ

ಹೋಲ್ಡರ್ ಸರಿಯಾದ ಖುಷಿಯಲ್ಲಿ ಒಂದು ರೀಲು ಹಾಕಿಕೊಂಡು ಅಣ್ಣನ ಜೊತೆ ಕೋಟೆ ಹತ್ತಿದೆ. ಒನಕೆ ಓಬವ್ವನ ಕಿಂಡಿ ಕಿರಿದು, ಅಲ್ಲಿ ಫೋಟೋ ತೆಗೆಯಲು ಕ್ಯಾಮೆರಾ ನಿಲ್ಲಿಸಲೇಬೇಕು. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ? ಮೂವತ್ತಾರೂ ಫೋಟೋ ಸರಾಗವಾಗಿ ಬಂದವು. ಕೆಂಪು ಗುರುತಿನ ಎರಡು ಬಟನ್ ಒಟ್ಟಿಗೆ ಒತ್ತಿ ರೀವೈಂಡ್ ಶುರು ಮಾಡಿದೆ. ಮೋಟರ್ ಗುಯ್ಯ್ ಅಂದಿತು. ಆದರೆ ಫಿಲ್ಮ್ ಸರಿಯುವ ಸರ್ರ್ ಸದ್ದು ಇಲ್ಲ.

ಇಂಥ ಹೊತ್ತಿನಲ್ಲಿ ಹಿಂಬಾಗಿಲಿಗೆ ಕೈ ಹೋಗುತ್ತದೆ. ಹೋಗಬಾರದು. ಮೊದಲು ಹೊಸ ಸೆಲ್ ಹಾಕಿ ಇನ್ನೊಮ್ಮೆ ಎರಡು ಬಟನ್ ಒತ್ತಿ. ಸೆಲ್ ಸೋತಿದ್ದರೆ ರೀವೈಂಡ್ ಅರ್ಧದಲ್ಲಿ ನಿಲ್ಲುವುದುಂಟು, ಹೊಸ ಸೆಲ್ಲಿಗೆ ಮುಂದುವರಿಯುತ್ತದೆ. ಆಗಲೂ ಮೋಟರ್ ಬರಿದೇ ತಿರುಗಿದರೆ ಎಡಗಡೆ ಕ್ಯಾಸೆಟ್ಟಿನ ನಡುವೆ ಕೂರುವ ಕವಲು ಮುರಿದಿದೆ. ಮೊದಮೊದಲು ಬಂದ ಎಫ್100ಗಳಲ್ಲಿ ಈ ಕವಲು ಪ್ಲಾಸ್ಟಿಕ್. ಮುರಿಯುತ್ತವೆ ಅಂತ ಗೊತ್ತಾದ ಮೇಲೆ ನಿಕಾನ್ ಲೋಹದ್ದು ಹಾಕಿತು. ಎಫ್5ಕ್ಕೆ ಕೈಯಲ್ಲಿ ತಿರುಗಿಸುವ ಹಿಡಿಕೆ ಇತ್ತು, ಎಫ್100ಕ್ಕೆ ಅದೂ ಇಲ್ಲ.

ಅಣ್ಣನ ಈರುಳ್ಳಿ ಕೋಣೆ ಅವತ್ತು ಮತ್ತೆ ಡಾರ್ಕ್ ರೂಮ್ ಆಯಿತು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿ, ಹತ್ತು ನಿಮಿಷ ಕತ್ತಲೆಯಲ್ಲಿ ಕೂತು ಬೆಳಕು ನುಸುಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಬಾಗಿಲು ತೆಗೆದು, ಕ್ಯಾಸೆಟ್ ಮೇಲೆತ್ತಿ, ಅದರ ನಡುವಿನ ಕಡ್ಡಿಯನ್ನು ಬೆರಳಲ್ಲಿ ತಿರುಗಿಸುತ್ತಾ ಫಿಲ್ಮನ್ನು ಒಳಗೆ ಸುತ್ತಿದೆ. ಆತುರ ಮಾಡಿದರೆ ಗೀರು ಬೀಳುತ್ತದೆ. ಕಪ್ಪು ಚೀಲ ಇದ್ದರೆ ಇದೇ ಕೆಲಸ ಅದರೊಳಗೆ ಆಗುತ್ತದೆ.

ನಿಮ್ಮದು ಯಾವ ಕವಲು ಅಂತ ಈಗಲೇ, ರೀಲು ಇಲ್ಲದಾಗ, ಬಾಗಿಲು ತೆಗೆದು ನೋಡಿಬಿಡಿ. ಮಿಂಚುವ ಲೋಹವಾದರೆ ನಿಶ್ಚಿಂತೆ. ಕಪ್ಪು ಪ್ಲಾಸ್ಟಿಕ್ ಆದರೆ ಕ್ಯಾಸೆಟ್ ಹಾಕುವಾಗ ಓರೆಯಾಗಿ ಒತ್ತಬೇಡಿ. ಕವಲಿಗೆ ಸರಿಯಾಗಿ ಕೂತಿದೆ ಅಂತ ಬೆರಳಿಗೆ ಗೊತ್ತಾದ ಮೇಲೆ ಬಾಗಿಲು ಮುಚ್ಚಿ. ಕವಲು ಬದಲಿಸುವುದು ಮಾತ್ರ ತಿಳಿದವರ ಕೆಲಸ. ನಾನು ಬೆಂಗಳೂರಿಗೆ ಕಳಿಸಿದೆ.

ಶಟರ್ ಮೇಲೆ ಅನುಮಾನ ಇದ್ದರೆ

ಫೋಟೋದ ಒಂದು ಪಕ್ಕ ಕಪ್ಪಾಗಿ ಬಂದರೆ ಮೊದಲು ಫ್ಲಾಶ್ ನೆನಪಿಸಿಕೊಳ್ಳಿ. ಎಫ್100ರಲ್ಲಿ ಫ್ಲಾಶಿಗೆ ಮಿತಿ ಸೆಕೆಂಡಿನ 250ರ ಒಂದು ಭಾಗ. ಕ್ಯಾಮೆರಾ ಜೊತೆ ಮಾತಾಡದ ಹಳೇ ಸ್ಟುಡಿಯೋ ಫ್ಲಾಶ್ ಹಾಕಿ ಅದಕ್ಕಿಂತ ವೇಗ ಇಟ್ಟಿದ್ದರೆ ಆ ಕಪ್ಪು ಪಟ್ಟಿ ನಿಮ್ಮದೇ. ಫ್ಲಾಶ್ ಇಲ್ಲದೆಯೂ ವೇಗದ ಫೋಟೋಗಳಲ್ಲಿ ಮಾತ್ರ ಪಟ್ಟಿ ಬಂದರೆ, ರೀಲು ಮತ್ತು ಲೆನ್ಸ್ ತೆಗೆದು, ಹಿಂಬಾಗಿಲು ತೆರೆದು, ಬೆಳಗಿನ ಬಿಳಿ ಗೋಡೆಯ ಕಡೆ ಹಿಡಿದು 8000, 4000, 1000ಕ್ಕೆ ಒತ್ತುತ್ತಾ ಹಿಂದಿನಿಂದ ನೋಡಿ. ಚೌಕದ ಎಲ್ಲ ಕಡೆ ಒಂದೇ ಬೆಳಕು ಮಿಂಚಬೇಕು. ಒಂದು ಅಂಚು ಪ್ರತಿ ಸಲ ಕತ್ತಲೆ ಅಂದರೆ ಶಟರ್ ಪರದೆ ಒಂದನ್ನೊಂದು ಹಿಡಿಯುತ್ತಿದೆ. ಪರದೆಯನ್ನು ಬೆರಳಿಂದ ಮುಟ್ಟಬೇಡಿ, ಊದುವ ಪಂಪನ್ನೂ ಹತ್ತಿರ ಹಿಡಿಯಬೇಡಿ. ಎಂಬತ್ತರ ಕೊನೆಯ ಕ್ಯಾನನ್ ಇಒಎಸ್‌ಗಳಲ್ಲಿ ಶಟರಿನ ರಬ್ಬರ್ ಕರಗಿ ಡಾಂಬರಿನ ಹಾಗೆ ಪರದೆಗೆ ಅಂಟುವ ಕಾಯಿಲೆ ಇದೆ. ಅದನ್ನು ಓದಿಕೊಂಡು ಎಫ್100ರ ಪರದೆಗೆ ಪೆಟ್ರೋಲ್ ಹಚ್ಚಿದವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ.

ಹಿಂಬಾಗಿಲಿನ ಹೊರ ಲೇಪ ಅಂಟಂಟಾಗುವುದು ದೋಷವೇ ಅಲ್ಲ, ವಯಸ್ಸು. ಐಪಿಎ ಹಚ್ಚಿದ ಬಟ್ಟೆಯಿಂದ ತಾಳ್ಮೆಯಿಂದ ಒರೆಸಿದರೆ ಅಂಟು ಹೋಗಿ ಒಳಗಿನ ಹೊಳೆಯುವ ಪ್ಲಾಸ್ಟಿಕ್ ಕಾಣುತ್ತದೆ. ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ಕೇ ಹೋಗುತ್ತದೆ.

ಇಷ್ಟಾದರೂ ಸಾಯುತ್ತಿದ್ದರೆ

ಭಾರ ಹಾಕಿ ಅಳೆದ ವೋಲ್ಟೇಜ್ ಎಲ್ಲ ಭಂಗಿಯಲ್ಲೂ ಸರಿ ಇದೆ, ಬೇರೆ ಹಿಡಿ ಹಾಕಿದರೂ ಸಾಯುತ್ತದೆ, ಲೆನ್ಸ್ ಬಿಚ್ಚಿದರೂ ಸಾಯುತ್ತದೆ. ಆಗ ಮಾತ್ರ ಬೋರ್ಡ್ ಹೆಸರು ಎತ್ತಿ. ಒಳಗೆ ಬಿಚ್ಚುವ ಹುಮ್ಮಸ್ಸು ಇದ್ದವರಿಗೆ ಒಂದು ಎಚ್ಚರಿಕೆ. ಎಫ್100ರಲ್ಲಿ ಒಳಗಿನ ಫ್ಲಾಶ್ ಇಲ್ಲ. ಅದರ ಜೊತೆಗಾರ ಎಫ್80ರಲ್ಲಿ ಇದೆ, ಮತ್ತು ಅದರ ಕೆಪಾಸಿಟರ್ ಸೆಲ್ ತೆಗೆದ ಮೇಲೂ ಕೈಗೆ ಬಾರಿಸುವಷ್ಟು ವೋಲ್ಟೇಜ್ ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಬಿಚ್ಚಬೇಡಿ.

ರಿಪೇರಿಗೆ ಕೊಡುವಾಗ "ಕೆಲಸ ಮಾಡ್ತಿಲ್ಲ ಸರ್" ಅಂತ ಕೊಡಬೇಡಿ. ನಿಮ್ಮ ಚೀಟಿ ಕೊಡಿ. ನಿಲ್ಲಿಸಿದಾಗ ಇಷ್ಟು ಸಲ, ಮಲಗಿಸಿದಾಗ ಇಷ್ಟು ಸಲ, ಯಾವ ಸೆಲ್, ಭಾರ ಹಾಕಿದಾಗ ಎಷ್ಟು ವೋಲ್ಟ್. ನಂತರ ಅವರ ಮುಂದೆಯೇ ಒಂದು ಸಲ ಸಾಯಿಸಿ ತೋರಿಸಿ. ನಾನು ಆ ಮೊದಲ ಅಂಗಡಿಗೆ ಮತ್ತೆ ಹೋಗಿ ಹೋಲ್ಡರ್ ತೋರಿಸಿದೆ. ಅವರು ತಿರುಗಿಸಿ ನೋಡಿ, ತಗಡು ಒತ್ತಿ ನೋಡಿ, ಒಳಗಿನಿಂದ ಇನ್ನೊಬ್ಬ ಗಿರಾಕಿಯ ಎಫ್100 ತಂದರು. ಅದಕ್ಕೂ ಬೋರ್ಡ್ ಹೋಗಿದೆ ಅಂತ ಚೀಟಿ ಅಂಟಿಸಿದ್ದರು.

"ನಿಮ್ಮ ರೆಸಿಸ್ಟರ್ ಸ್ವಲ್ಪ ಕೊಡ್ರಿ" ಅಂದರು.